ದಂಡು ಎಂಬ ಒಂದು ಮಾತು

ಡ್ರಿಲ್ ಮಾಸ್ತರ ಕಲ್ಯಾಣಪ್ಪನವರು ತೀರಿಕೊಂಡ ಮೇಲೆ ಅವರನ್ನು ಹೊಗಳುವವರು ಹೆಚ್ಚಾಗಿದ್ದಾರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಲ್ಲರಿಗಿಂತ ಜೋರಾಗಿ ಹೊಗಳುವವನು ನಾನೇ, ಅದಕ್ಕೆ ಇನ್ನೂ ಸಿಟ್ಟು.

ಅವರು ಕಲಬುರಗಿಯ ಗಾಜಿಪುರದವರು. ಸಂಬಳ ಸಾಲೆಯದಾದರೂ ಜೀವವೆಲ್ಲ ಅಡವಿಯಲ್ಲಿ. ಪ್ರತಿ ಚಳಿಗಾಲ ಇಪ್ಪತ್ತು ಹುಡುಗರನ್ನು ಕಲಬುರಗಿಯಿಂದ ಕಮಲಾಪುರದ ಆಚೆಯ ಗುಡ್ಡಕ್ಕೆ ನಡೆಸಿಕೊಂಡು ಹೋಗಿ ಐದು ದಿನ ಇಡುತ್ತಿದ್ದರು. ಹಸಿ ಕಟ್ಟಿಗೆಯಲ್ಲಿ ಒಲೆ ಹೊತ್ತಿಸುವುದು, ಹಳ್ಳದ ಉಸುಕು ತೋಡಿ ವರತೆಯ ನೀರು ತೆಗೆಯುವುದು, ದಾರಿ ತಪ್ಪಿದರೆ ದಿಕ್ಕು ಹಿಡಿಯುವುದು, ಎಲ್ಲ ಕಲಿಸುತ್ತಿದ್ದರು. ಹೆಂಡತಿಯಿಲ್ಲ, ಮಕ್ಕಳಿಲ್ಲ. ಆ ಐದು ದಿನಕ್ಕಾಗಿಯೇ ವರ್ಷವಿಡೀ ಬದುಕಿದ್ದರು.

ನಿಜಾಮರ ಫಸಲಿ ೧೩೩೯ರಲ್ಲಿ, ಅಂದರೆ ೧೯೨೯ರ ಸುಮಾರಿಗೆ, ನಾಲ್ಕು ಜನ ಕೂಡಬೇಕಾದರೂ ಪೊಲೀಸರ ಇಜಾಜತ್, ಅಂದರೆ ಅಪ್ಪಣೆ, ಬೇಕಾಯಿತು. ಅರ್ಜಿ ಉರ್ದುವಿನಲ್ಲಿರಬೇಕು, ಮಾಸ್ತರರಿಗೆ ಉರ್ದುವಿನ ಒಂದಕ್ಷರ ಬಾರದು. ಹುಡುಗರಲ್ಲಿ ನಾನೇ ಹಿರಿಯ, ಉರ್ದುವಿನಲ್ಲಿ ಮೊದಲ ನಂಬರು, ಜಂಬಕ್ಕೆ ತಲೆ ನಿಲ್ಲುತ್ತಿರಲಿಲ್ಲ. 'ನಮ್ಮ ಹುಡುಗರ ದಂಡು ಕಮಲಾಪುರಕ್ಕೆ ಹೊರಟಿದೆ' ಎಂದು ಬರೆಯಲು ಮಾಸ್ತರರು ಹೇಳಿದರು. ನಮ್ಮ ಕಡೆ ನಾಲ್ಕು ಹುಡುಗರು ಗದ್ದಲ ಮಾಡುತ್ತ ಬಂದರೂ ದಂಡೇ. ನಾನು ದೊಡ್ಡ ಪಂಡಿತನಂತೆ ಯೋಚಿಸಿ, ದಂಡೆಂದರೆ ಸೈನ್ಯ ಎಂದುಕೊಂಡು, 'ಫೌಜ್' ಎಂದು ಬರೆದೆ.

ಅರ್ಜಿ ಕೊಟ್ಟ ಮೂರನೆಯ ದಿನ ಪೊಲೀಸ್ ಅಮೀನಸಾಹೇಬರು ಮಾಸ್ತರರನ್ನು ಚೌಕಿಗೆ ಕರೆಸಿದರು. ನಾನೂ ಜೊತೆಗೆ ಹೋದೆ. ಯಾರ ಮೇಲೆ ಫೌಜು ಕಟ್ಟಿದ್ದೀ ಎಂದು ಅಮೀನರು ಗುಡುಗಿದರು. ಮಾಸ್ತರರು ದಂಡು ಅಂದರೇನೆಂದು ಬಿಡಿಸಿ ಹೇಳಿದರು. ಅಮೀನರು, ಹಾಗಾದರೆ ಇದನ್ನು ಬರೆದವನನ್ನು ತೋರಿಸು, ಅವನನ್ನು ವಿಚಾರಿಸಿಕೊಂಡು ಇಜಾಜತ್ ಕೊಡುತ್ತೇನೆ ಎಂದರು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ನನ್ನ ನಾಲಿಗೆಗೆ ಏನು ಧಾಡಿಯಾಗಿತ್ತೋ, ಗೋಡೆ ನೋಡುತ್ತ ನಿಂತೆ.

"ನಾನ ಬರದೀನ್ರೀ," ಎಂದರು ಮಾಸ್ತರರು.

ಅಮೀನರು ಲೇಖನಿಯನ್ನು ಮುಂದೆ ತಳ್ಳಿ, ಹಾಗಾದರೆ ಅದೇ ಮಾತನ್ನು ಇನ್ನೊಮ್ಮೆ ಉರ್ದುವಿನಲ್ಲಿ ಬರೆ ಎಂದರು. ಮಾಸ್ತರರು ಸಿಟ್ಟಿನಿಂದ ಕೆಂಪಾಗಿ, ಕನ್ನಡದಲ್ಲಿ ದೊಡ್ಡದಾಗಿ 'ದಂಡು' ಎಂದು ಬರೆದು ಕಾಗದವನ್ನು ಅವರ ಕಡೆ ತಿರುಗಿಸಿಟ್ಟರು. ಆ ವರ್ಷವಷ್ಟೇ ಅಲ್ಲ, ಮುಂದೆ ಎಂದೂ ಅವರು ಹುಡುಗರನ್ನು ಊರ ಹೊರಗೆ ಒಯ್ಯಕೂಡದೆಂದು ಹುಕುಂ ಆಯಿತು.

ಸಾಲೆಯಲ್ಲಿ ಹುಡುಗರು ನಮ್ಮನ್ನು ಸುತ್ತುಗಟ್ಟಿದರು. ಅರ್ಜಿ ಬರೆದುಕೊಡುವ ಯಾವನೋ ಮುನ್ಷಿ ತಪ್ಪು ಬರೆದನಂತೆ ಎಂದು ನಾನೇ ಹೇಳಿದೆ, ಮಾಸ್ತರರ ಎದುರಿಗೇ ಹೇಳಿದೆ. ನನ್ನ ಜೊತೆಯ ಶಫಿ ಅವರ ಕಡೆ ತಿರುಗಿ, ಯಾವ ಮುನ್ಷಿ ಎಂದು ಕೇಳಿದ.

"ಹೆಸರ ನೆನಪಿಲ್ಲೋ ತಮ್ಮಾ," ಎಂದರು ಮಾಸ್ತರರು, ನನ್ನ ಮುಖವನ್ನೇ ನೋಡುತ್ತ.