ಗ್ಯಾಸಿನ ಚಹಾ, ಒಲೆಯ ಚಹಾ

ನನ್ನ ಸೊಸೆ ಸಂಶೋಧನೆ ಮಾಡಲು ಹೊರಟಾಗ ಅದರ ಸಾರಿಗೆ ಖಾತೆ ನನ್ನ ಪಾಲಿಗೆ ಬಂತು. ನಾನು ನಿವೃತ್ತ ಹೆಡ್‌ಮಾಸ್ತರ. ನನ್ನ ಬಳಿ ಒಂದು ಹಳೆಯ ಸ್ಕೂಟರ್ ಮತ್ತು ಅಳತೆಮೀರಿದ ಬಿಡುವು ಇದ್ದವು. ಜ್ಞಾನಲೋಕಕ್ಕೆ ನನ್ನ ಕೊಡುಗೆ ಇಷ್ಟೇ ಎಂದು ಮೊದಲೇ ವಿನಯಪೂರ್ವಕ ನಿವೇದಿಸುತ್ತೇನೆ.

ದೂರದ ವಿಶ್ವವಿದ್ಯಾಲಯವೊಂದು ಶಿಷ್ಯವೇತನ ಕೊಟ್ಟು ಪಿಎಚ್‌.ಡಿ. ಮಾಡಿಸುವುದಾಗಿ ಪ್ರಕಟಿಸಿತ್ತು. ಅಡುಗೆಗೆ, ಬೆಳಕಿಗೆ ಇಂಧನ ಸಾಕಾಗದ ಬಡವರ ಮನೆಗೆ ಸರಕಾರದ ನೆರವು ನಿಜವಾಗಿ ಮುಟ್ಟುತ್ತದೆಯೇ ಎಂಬುದು ವಿಷಯ. ಸೊಸೆ ಎಂ.ಎ. ಮುಗಿಸಿದ ಮೇಲೆ ಇಬ್ಬರು ಮಕ್ಕಳ ಟಿಫಿನ್ ಡಬ್ಬಿ ತುಂಬುವುದರಲ್ಲೇ ವರ್ಷಗಳು ಕಳೆದಿದ್ದವು.

"ಇದೊಂದು ಸಿಕ್ಕರ ಸಾಕ್ರಿ ಮಾವಾರ, ಯಾರ ಮುಂದೂ ಕೈ ಚಾಚದ ಓದ್ತೀನಿ," ಎಂದಳು. ಆ ಮಾತಿನಲ್ಲಿ ಎಷ್ಟು ದಿನದ ಆಸೆ ಇತ್ತೆಂದರೆ, ಬೆನ್ನುನೋವಿನ ನೆಪ ಹೇಳಬೇಕೆಂದಿದ್ದ ನಾನು ಸುಮ್ಮನೆ ಸ್ಕೂಟರಿನ ಧೂಳು ಒರೆಸತೊಡಗಿದೆ.

ಅರ್ಜಿ ಹಾಕಿದ್ದಾಯಿತು; ಆಯ್ಕೆಯ ಸಂದರ್ಶನಕ್ಕೆ ಮೊದಲು ಕೆಲವು ಮನೆಗಳನ್ನು ಕಣ್ಣಾರೆ ನೋಡಬೇಕಿತ್ತು. ನಿಪ್ಪಾಣಿಯಿಂದ ಬೋರಗಾಂವಕ್ಕೆ ಹೋಗಿ, ಪಾವರ್‌ಲೂಮಿನ ಸದ್ದಿಗೆ ಗೋಡೆಗಳೇ ಗುಂಯ್‌ಗುಡುವ ಒಂದು ಓಣಿ ಹೊಕ್ಕೆವು. ಮನೆಮನೆಯಲ್ಲೂ "ಬರ್ರಿ, ಕೂಡ್ರಿ," ಎಂಬ ಸ್ವಾಗತ. ಸಿಲಿಂಡರಿನ ಮೇಲಿನ ಕಸೂತಿ ಬಟ್ಟೆ ಸರಿಯುತ್ತಿತ್ತು, ನೀಲಿ ಉರಿ ಹತ್ತುತ್ತಿತ್ತು, ಚಹಾ ಬರುತ್ತಿತ್ತು.

"ಗ್ಯಾಸ್ ಬಳಸ್ತೀರೇನ್ರಿ?" ಎಂದು ಸೊಸೆ ಕೇಳುವಳು.

"ಕಾಣವಲ್ದೇನ್ರಿ? ಉರಿಯಾಕತ್ತೈತಲ್ಲ!"

ನಾನು ವಿದ್ಯೆಯ ಹಿತದೃಷ್ಟಿಯಿಂದ ಯಾವ ಕಪ್ಪನ್ನೂ ನಿರಾಕರಿಸಲಿಲ್ಲ. ಕೊನೆಯ ಮನೆಯಲ್ಲಂತೂ ಇನ್ನರ್ಧ ಕೇಳಿ ಹಾಕಿಸಿಕೊಂಡೆ.

ಮರಳುವಾಗ ಸೊಸೆ ಸ್ಕೂಟರಿನ ಹಿಂದೆ ಕೂತಿದ್ದಳು. ಸ್ವಲ್ಪ ದೂರ ಬಂದ ಮೇಲೆ, "ಎಲ್ಲಾರ ಮನ್ಯಾಗೂ ಗ್ಯಾಸ್ ಉರಿತೈತ್ರಿ. ನನ್ನ ವಿಷಯನ ಹೋತು. ಸಂದರ್ಶನದಾಗ ಏನಂತ ಹೇಳಲಿ?" ಎಂದಳು.

"ದೇಶದಾಗ ಬಡತನ ಮುಗದೈತಿ ಅಂತ ಹೇಳಿಬಿಡು. ಭಾಳ ಮಂದಿ ಹಂಗ ಹೇಳೇ ದೊಡ್ಡವರಾಗ್ಯಾರ."

ಅವಳು ನಗಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಅವಳ ಛತ್ರಿ ಆ ಕೊನೆಯ ಮನೆಯಲ್ಲೇ ಉಳಿದಿತ್ತು. ಮತ್ತೆ ಹೋದೆವು. ಮಗ್ಗದವರಿಗೆ ನೂಲು ಸುತ್ತಿಕೊಡುವ ಹೆಂಗಸಿನ ಮನೆ ಅದು. ಬಾಗಿಲಲ್ಲೇ ಹೊಗೆ ನಮ್ಮನ್ನು ಎದುರುಗೊಂಡಿತು. ಒಳಗೆ ಆಕೆ ಒಲೆಗೆ ಕಬ್ಬಿನ ರವದಿಯ ಒಣಗರಿ, ಸೆಗಣಿ ಕುಳ್ಳು ತುರುಕುತ್ತ ರೊಟ್ಟಿ ಬೇಯಿಸುತ್ತಿದ್ದಳು. ಸಿಲಿಂಡರ್ ಮತ್ತೆ ಕಸೂತಿ ಬಟ್ಟೆ ಹೊದ್ದು, ಊರಗೌಡನ ಹಾಗೆ ಮೂಲೆಯಲ್ಲಿ ಕೂತಿತ್ತು.

"ಅಯ್ಯ! ಹೇಳಿ ಬರಬಾರದೇನವ್ವಾ?" ಎನ್ನುತ್ತ ಆಕೆ ಎದ್ದು ಬಟ್ಟೆಗೆ ಕೈ ಹಾಕಿದಳು. ಸೊಸೆ ಆ ಕೈ ಹಿಡಿದಳು.

"ಬ್ಯಾಡ ಅಕ್ಕಾ. ನಿನ್ನೆ ನಾವು ಬಂದೀವಂತ ಹಚ್ಚಿದ್ರಿ, ಹೌದಿಲ್ಲೊ?"

"ಮತ್ತ? ಪಾವಣ್ಯಾರು ಮನಿಗಿ ಬಂದ್ರ ಅವರ ಕಣ್ಣಾಗ ಹೊಗಿ ಹಾಕಾಕ ಆಗ್ತೈತೇನು?" ಆಕೆ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಮಗಳು ಬಾಣಂತನಕ್ಕ ಬರಾಕಿ ಅದಾಳ. ಕೂಸಿಗೆ, ಆಕಿಗೆ ಹೊತ್ತಿಲ್ಲದ ಹೊತ್ತಿನ್ಯಾಗ ಬಿಸಿನೀರು ಬೇಕು. ಅದಕ್ಕಂತ ಇದನ್ನ ಉಳಿಸೀನಿ. ತೀರಿತಂದ್ರ ಮೊದಲ ನಾವ ರೊಕ್ಕ ಕೊಟ್ಟು ತರಬೇಕು, ಸರಕಾರದ್ದು ಆಮ್ಯಾಲೆ ಬರ್ತೈತಿ. ಆ ಮೊದಲಿಂದು ಎಲ್ಲಿಂದ ತರೂದು?"

ನಿನ್ನೆ ಕೇಳಿ ಹಾಕಿಸಿಕೊಂಡ ಇನ್ನರ್ಧ ಕಪ್ ನನಗೆ ನೆನಪಾಯಿತು. ಇನ್ನೂ ಹುಟ್ಟದ ಕೂಸಿನ ಸ್ನಾನದ ನೀರಿಗೆಂದು ಇಟ್ಟ ಉರಿಯಲ್ಲಿ ಚಹಾ ಕಾಸಿ ಕುಡಿದ ಹೆಡ್‌ಮಾಸ್ತರನಿಗೆ ಧರ್ಮಶಾಸ್ತ್ರ ಯಾವ ಪ್ರಾಯಶ್ಚಿತ್ತ ವಿಧಿಸಿದೆಯೋ ಗೊತ್ತಿಲ್ಲ. ಸೊಸೆ ಒಲೆಯ ಮುಂದೆ ಕೂತು ಬಿಸಿರೊಟ್ಟಿ ಮುರಿದಳು. ಅವಳ ಕಣ್ಣಲ್ಲಿ ನೀರಿತ್ತು. ಹೊಗೆಯ ಮೇಲೆ ಆರೋಪ ಹೊರಿಸಲು ಅನುಕೂಲವಿತ್ತು, ನಾನೂ ಆ ಅನುಕೂಲ ಪಡೆದೆ.

ಆಮೇಲೆ ಅವಳು ಆ ಓಣಿಗೆ ಮತ್ತೆ ಮತ್ತೆ ಹೋದಳು. ಹೇಳದೆ ಹೋದಳು, ಕೂತು ನೂಲು ಸುತ್ತಿದಳು, ಕಾಳು ಆರಿಸಿದಳು. ಒಂದೊಂದೇ ಮನೆಯಲ್ಲಿ ಅವಳು ಬಂದರೆ ಗ್ಯಾಸ್ ಹಚ್ಚಲು ಯಾರೂ ಏಳದಂತಾಯಿತು.

ಸಂದರ್ಶನ ಮನೆಯ ಕಂಪ್ಯೂಟರಿನಲ್ಲೇ ನಡೆಯಿತು. ಮೊಮ್ಮಕ್ಕಳನ್ನು ತಡೆಯುವ ದ್ವಾರಪಾಲಕ ಹುದ್ದೆ ನನಗೆ ದೊರೆತಿತ್ತು. ಜನ ನಿಜ ಹೇಳುತ್ತಾರೆಂದು ಹೇಗೆ ತಿಳಿಯುತ್ತೀರಿ ಎಂದು ಯಾರೋ ಕೇಳಿದರು.

"ಮೊದಲ ಭೇಟಿಯಲ್ಲಿ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ," ಎಂದಳು ಸೊಸೆ. "ನನಗಾಗಿ ಗ್ಯಾಸ್ ಹಚ್ಚುವುದನ್ನು ಬಿಡುವ ತನಕ ಹೋಗುತ್ತಿರುತ್ತೇನೆ."

ಆ ಕಡೆಯವರೆಲ್ಲ ತಲೆ ತಗ್ಗಿಸಿ ಏನೋ ಬರೆದುಕೊಳ್ಳತೊಡಗಿದರು; ಪರದೆ ನಿಂತಂತೆ ಕಂಡಿತು. ನೆಟ್ ಹೋಯಿತೆಂದು ನಾನು ಕಂಗಾಲಾದೆ. ಹೋಗಿರಲಿಲ್ಲ.

ಆಯ್ಕೆಯಾದ ಸುದ್ದಿ ಬಂದಾಗ ಪೇಢೆ ಹಿಡಿದು ಮೊದಲು ಅದೇ ಮನೆಗೆ ಹೋದೆವು. ತುಂಬಿದ ಬಸುರಿ ಮಗಳು ಬಂದು ಗೋಡೆಗೊರಗಿ ಕೂತಿದ್ದಳು. ಸುದ್ದಿ ಕೇಳಿದ್ದೇ ತಾಯಿ ಸೊಸೆಯ ಕೆನ್ನೆ ಸವರಿ ಲಟಿಗೆ ಮುರಿದು, ಸರಕ್ಕನೆ ಕಸೂತಿ ಬಟ್ಟೆ ಎಳೆದಳು. "ಇವತ್ತರ ಗ್ಯಾಸಿನ ಮ್ಯಾಲ ಮಾಡಬೇಕು!"

ಸೊಸೆಯ ಮುಖ ಸಣ್ಣದಾಯಿತು. "ಯಾಕ ಅಕ್ಕಾ, ನಾ ಮತ್ತ ಪಾವಣ್ಯಾಕಿ ಆದ್ನೇನು?"

ಆಕೆ ಬಟ್ಟೆ ಮತ್ತೆ ಹೊದಿಸಿ, ಮಣೆಯನ್ನು ಒಲೆಯ ಕಡೆ ಕಾಲಿಂದ ಸರಿಸಿದಳು. "ಹಂಗಾರ ಬಾ, ನೀನ ಊದು. ಕಣ್ಣ ಉರದರ ನನಗ ಬೈಬ್ಯಾಡ."

ಹೀಗೆ, ಹೊಗೆಯ ವಿಚಾರಣೆಗೆಂದು ಶಿಷ್ಯವೇತನ ಸಹಿತ ನೇಮಕಗೊಂಡ ವಿದುಷಿ ಊದುಗೊಳವೆ ಹಿಡಿದು ಕೆಮ್ಮುತ್ತ ಹೊಗೆ ಎಬ್ಬಿಸಿದಳು. ನಾನು ಹೊರಗಿನ ಕಟ್ಟೆಗೆ ಗಡೀಪಾರಾದೆ. ಚಹಾ ಬಂದಾಗ, ನನಗೆ ಅರ್ಧವೇ ಸಾಕೆಂದೆ.

"ಒಲಿಮ್ಯಾಲಿಂದ ಐತ್ರಿ ಮಾಸ್ತರ," ಎಂದು ಆಕೆ ಒಳಗಿನಿಂದ ಕೂಗಿದಳು, "ತುಂಬ ಕುಡೀರಿ."