ಕಳೆಗೆಂದು ತಂದ ಬಸವನಹುಳು

ಹೊನ್ನವಳ್ಳಿಯಿಂದ ಬರುವಾಗ ನಮ್ಮೂರ ಕೆರೆ ಕಾಲುವೆಯ ಕಲ್ಲಿಗೆ ಅಂಟಿದ್ದ ಬಸವನಹುಳುವಿನ ಗುಲಾಬಿ ಬಣ್ಣದ ಮೊಟ್ಟೆಗಳ ಗೊಂಚಲು ಕಂಡು ಬೈಕು ನಿಲ್ಲಿಸಿದೆ. ಪಕ್ಕದ ಗದ್ದೆಯ ಅಕ್ಕ ನೆನಪಾದಳು...

ಸುತ್ತ ಎಲ್ಲ ತೆಂಗು. ಕೆರೆ ಹಿಂದಿನ ಬಯಲಲ್ಲಿ ಮಾತ್ರ ಭತ್ತ. ಗಂಡ ತೀರಿಕೊಂಡ ಮೇಲೆ ಅಕ್ಕ ತನ್ನ ಗದ್ದೆಯನ್ನು ಒಬ್ಬಳೇ ಮಾಡುತ್ತಿದ್ದಳು. ಸೊಂಟ ಸೋತಿತ್ತು. ಜೊತೆಗೆ ಕಳೆ ಕೀಳುತ್ತಿದ್ದ ಹೆಂಗಸರು ಗಾರ್ಮೆಂಟ್ಸಿಗೆ ಹೋಗತೊಡಗಿದ್ದರು. ಬದುವಿನ ಹುಲ್ಲು ಮೇಯುವ ಹಸುವಿಗೆ ಏನಾದರೂ ಆದೀತೆಂದು ಹೆದರಿ ಕಳೆ ಸಾಯುವ ಔಷಧಿ ಹೊಡೆಸಲಿಲ್ಲ. ಯಾವುದೋ ದೇಶದಲ್ಲಿ ಬಸವನಹುಳು ಬಿಟ್ಟು ಕಳೆ ತಿನ್ನಿಸುವುದನ್ನು ಫೋನಿನಲ್ಲಿ ನೋಡಿದವಳೇ, ತಿಪಟೂರಿನ ಬಣ್ಣದ ಮೀನಿನ ಅಂಗಡಿಯಿಂದ ಬಕೆಟ್ಟಿನಲ್ಲಿ ಹುಳು ತಂದಳು.

ಪೈರು ಬಲಿಯುವವರೆಗೆ ನೀರು ತೆಳ್ಳಗಿರಬೇಕು, ಆಗ ಹುಳು ಓಡಾಡುವುದಿಲ್ಲ. ಆಮೇಲೆ ನೀರು ಏರಿಸಿದರೆ ಎಳೆಯ ಕಳೆಯನ್ನಷ್ಟೇ ಮೇಯುತ್ತದೆ ಎಂದು ನಮಗೂ ವಿವರಿಸಿದಳು. ಆ ವರ್ಷ ಹಾಗೇ ಆಯಿತು. ಕಳೆ ಕೀಳುವ ಕಾಲದಲ್ಲಿ ಅಕ್ಕ ಬದುವಿನ ಮೇಲೆ ಕಾಲು ಚಾಚಿ ಕೂತಿರುತ್ತಿದ್ದಳು. ಅವಳು ಹಾಗೆ ಕೂತದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

ಮರುವರ್ಷ ನಾಟಿ ಮುಗಿಯುತ್ತಲೇ ಮಳೆ ಹಿಡಿಯಿತು. ಕೆರೆ ಕೋಡಿ ಬಿದ್ದು ಬಯಲೆಲ್ಲ ಒಂದೇ ನೀರಾಯಿತು. ಇಳಿದ ಮೇಲೆ ನೋಡಿದರೆ ಅವಳ ಪೈರೂ ಇಲ್ಲ, ನಮ್ಮದೂ ಇಲ್ಲ... ಹುಳುಗಳು ಬುಡದವರೆಗೆ ಮೇಯ್ದಿದ್ದವು.

"ಪೈರು ಯಾವ್ದು, ಕಳೆ ಯಾವ್ದು ಅಂತ ಅವಕ್ಕೇನ್ ಗೊತ್ತು ಕಣಪ್ಪ. ಎರಡೂ ಎಳೇವೇ," ಎಂದಳು.

ಯಾರೂ ಎದುರಿಗೆ ಬೈಯಲಿಲ್ಲ. ಮಾತು ಬಿಟ್ಟರು, ಅಷ್ಟೇ. ಅವಳು ಮಂಕರಿ ಹಿಡಿದು ಎಲ್ಲರ ಗದ್ದೆಗೂ ಇಳಿದಳು. ಬಗ್ಗಲಾಗದ ಸೊಂಟ ಬಗ್ಗಿಸಿ ಹುಳು ಆಯುತ್ತಿದ್ದಳು. ಇವತ್ತು ಆಯ್ದ ಜಾಗದಲ್ಲಿ ನಾಳೆ ಮತ್ತೆ ಇರುತ್ತಿದ್ದವು. ಮತ್ತೆ ನಾಟಿ ಮಾಡಿದವರ ಪೈರೂ ಉಳಿಯಲಿಲ್ಲ.

ಹಾಸಿಗೆ ಹಿಡಿದಾಗ ನೋಡಲು ಹೋದೆ. "ಕಮ್ಮಿ ಆದ್ವೇನ್ಲಾ?" ಎಂದು ಕೇಳಿದಳು. ಆಗಿವೆ ಎಂದೆ.

"ಸುಳ್ಳು ಯಾಕೆ ಹೇಳ್ತೀಯ, ಬುಡು," ಎಂದು ಗೋಡೆಯತ್ತ ಹೊರಳಿದಳು. ಆಮೇಲೆ ಅವಳ ಮಾತು ನನಗೆ ಕೇಳಲು ಸಿಗಲಿಲ್ಲ.

ಈಗ ಬಯಲಿಗೂ ತೆಂಗಿನ ಸಸಿ ಬಂದಿದೆ. ನಾವು ಅಕ್ಕಿಯನ್ನು ಅಂಗಡಿಯಿಂದ ತರುತ್ತೇವೆ. ಹುಳು ಕಾಲುವೆ ಹಿಡಿದು ಕೆಳಗಿನೂರಿಗೆ ಇಳಿದಿದೆ. ಅಲ್ಲಿಯ ರೈತನೊಬ್ಬ ಮೊನ್ನೆ ಬಂದು, ಇದಕ್ಕೆ ನೀವೇನು ಮಾಡಿದಿರಿ ಎಂದು ಕೇಳಿದ. ನಮ್ಮಲ್ಲಿ ಒಬ್ಬಾಕೆ ದಿನವೂ ಆಯುತ್ತಿದ್ದಳು ಎಂದೆ.

"ಹೋದ್ವಾ?"

"ಇಲ್ಲ," ಎಂದೆ. "ಅವಳೇ ಹೋದ್ಲು."