ಸೊನ್ನೆ ನಂಬರಿನ ಕನ್ನಡಕ

ನನ್ನ ಗಂಡನನ್ನು ಊರೆಲ್ಲ ಗಾಜಣ್ಣ ಎಂದು ಕರೆಯುತ್ತದೆ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸು ಸವೆಸುವ ಯಂತ್ರದ ಮುಂದೆ ಇಪ್ಪತ್ತೆರಡು ವರ್ಷದಿಂದ ಕೂತಿರುವ ಮನುಷ್ಯ. ದುಂಡು ಗಾಜನ್ನು ಫ್ರೇಮಿನ ಆಕಾರಕ್ಕೆ ತಂದು, ಅಂಚಿಗೊಮ್ಮೆ ಬೆರಳು ಸವರಿ, ಟಕ್ಕೆಂದು ಕೂರಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಹೊಗಳಿಕೆಗೆ ಜಾಗ ಕಡಿಮೆ.

ಅವರಿಗೆ ಓದಲು ಬರುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದವರೇನಲ್ಲ. ಏಳು ವರ್ಷ ಹೋಗಿದ್ದಾರೆ, ಅದರಲ್ಲಿ ಅರ್ಧ ಕಾಲ ಬೆಂಚಿನ ಮೇಲೆ ನಿಂತೇ ಕಳೆದಿದ್ದಾರೆ. ಅಂಕಿಗಳು ಹೇಗೋ ಹಿಡಿತಕ್ಕೆ ಸಿಗುತ್ತವೆ. ಅಕ್ಷರಗಳ ಸಾಲು ಕಂಡರೆ ಮಾತ್ರ ಹಣೆಯಲ್ಲಿ ಬೆವರು. ಮದುವೆಗೆ ಮುಂಚೆ ನಾನು ಬರೆದ ಪ್ರತಿ ಕಾಗದಕ್ಕೂ ಉತ್ತರವಾಗಿ ಖುದ್ದು ಬಂದು ನಿಲ್ಲುತ್ತಿದ್ದರು. ಎಂಥ ಪ್ರೀತಿ ಎಂದು ನಾನು ಉಬ್ಬಿಹೋಗಿದ್ದೆ. ಸಂಗತಿ ತಿಳಿದದ್ದು ಮದುವೆಯಾದ ಮೂರನೆಯ ತಿಂಗಳಿಗೆ.

"ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ. ನಾಳೆ ಮಕ್ಕಳಾದ್ರೆ ಅವಕ್ಕಂತೂ ಗೊತ್ತಾಗ್ಲೇಬಾರದು" ಎಂದರು. ಒಪ್ಪಿಕೊಂಡೆ. ಅಂದಿನಿಂದ ಮನೆಗೆ ಬಂದ ಪ್ರತಿ ಕಾಗದವನ್ನೂ ಓದಿ ಹೇಳುವ ಕೆಲಸ ನನ್ನದಾಯಿತು. ಹಗಲೆಲ್ಲ ನೀರು ಸರಬರಾಜು ಕಚೇರಿಯಲ್ಲಿ ಜನರ ದೂರು ಓದುವುದು, ಸಂಜೆ ಗಂಡನಿಗೆ ಓದುವುದು.

ಹೊರಗಡೆ ಅವರದು ಒಂದೇ ಮಂತ್ರ. "ಅಯ್ಯೋ, ಕನ್ನಡಕ ಅಂಗಡೀಲೇ ಬಿಟ್ಟು ಬಂದೆ." ಆಸ್ಪತ್ರೆಯಲ್ಲಿ ಅದೇ, ಬಸ್ ನಿಲ್ದಾಣದಲ್ಲೂ ಅದೇ. ಊರಿಗೆಲ್ಲ ಕನ್ನಡಕ ಮಾಡುವವನೇ ತನ್ನದನ್ನು ಮರೆತನಲ್ಲ ಎಂದು ಜನ ನಗುತ್ತಾ ಓದಿ ಹೇಳುತ್ತಾರೆ. ಅವರದು ಹದ್ದಿನ ಕಣ್ಣು, ಕನ್ನಡಕವೇ ಇಲ್ಲ ಎಂಬುದು ನನಗೊಬ್ಬಳಿಗೆ ಗೊತ್ತು. ಅಂಗಡಿಯಲ್ಲಿ ಡಾಕ್ಟರ ಚೀಟಿಯನ್ನು ಯಜಮಾನರೇ ಕೂಗಿ ಹೇಳುತ್ತಾರೆ. ಒಮ್ಮೆ ಕಿವಿಗೆ ಬಿದ್ದರೆ ಸಾಕು, ವಾರವಾದರೂ ಇವರು ಮರೆಯುವುದಿಲ್ಲ.

ಹೀಗೆ ಹೇಗೋ ನಡೆಯುತ್ತಿತ್ತು. ಮಗಳು ಪುಟ್ಟಿ ಶಾಲೆ ಸೇರಿದ ಮೇಲೆ ನಡೆಯಲಿಲ್ಲ.

ಪುಟ್ಟಿ ಮಾತಿನ ಮಲ್ಲಿ. ಒಮ್ಮೆ ಕೇಳಿದ ಕಥೆಯನ್ನು ಎಲ್ಲರ ದನಿಯಲ್ಲೂ ತಿರುಗಿ ಹೇಳುತ್ತಾಳೆ. ಪುಸ್ತಕ ತೆರೆದರೆ ಮಾತ್ರ ಬೇರೆ ಮಗು. ಒಂದು ಸಾಲು ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹರಿದಿರುತ್ತದೆ. ನಿನ್ನೆ ಓದಿದ ಪದ ಇವತ್ತು ಹೊಸದು. "ಗಮನ ಎಲ್ಲಿ ಮೇಯೋಕೆ ಹೋಗಿದೆ?" ಎಂದು ನಾನು ರೇಗುತ್ತಿದ್ದೆ. ಒಂದು ದಿನ ಪುಸ್ತಕವನ್ನೇ ಎತ್ತಿ ಬಿಸಾಡಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಗ ಅವಳಪ್ಪ ತೀರ್ಪು ಕೊಟ್ಟರು: "ಬೈಬೇಡ ಅವಳನ್ನ. ಕಣ್ಣಿನ ತೊಂದ್ರೆ. ನಾನೇ ಕರ್ಕೊಂಡ್ಹೋಗಿ ತೋರಿಸ್ತೀನಿ." ಆ ಶನಿವಾರವೇ ಅವಳ ಮೂಗಿನ ಮೇಲೆ ಕೆಂಪು ಫ್ರೇಮಿನ ಕನ್ನಡಕ ಬಂತು. ಕಣ್ಣಿನ ವಿಷಯದಲ್ಲಿ ಗಾಜಣ್ಣನನ್ನು ಯಾರು ಪ್ರಶ್ನಿಸುತ್ತಾರೆ? ನಾನಂತೂ ಪ್ರಶ್ನಿಸಲಿಲ್ಲ. ಶಾಲೆಯವರೂ ಅವಳನ್ನು ಮೊದಲ ಬೆಂಚಿಗೆ ತಂದರು, ಕಣ್ಣು ಸರಿಹೋಗಲಿ ಎಂದು ಓದಿಸುವುದನ್ನು ಬಿಟ್ಟರು. ಎರಡು ವರ್ಷದಲ್ಲಿ ಒಟ್ಟು ಮೂರು ಕನ್ನಡಕವಾದವು. ಓದು ಇದ್ದಲ್ಲೇ ಇತ್ತು.

ಈ ವರ್ಷ ಹೊಸದಾಗಿ ಬಂದ ಟೀಚರು ನನ್ನನ್ನು ಕರೆಸಿದರು. ನಾನು ಪುಟ್ಟಿಯ ಸೋಮಾರಿತನದ ಬಗ್ಗೆ ಕ್ಷಮೆ ಕೇಳಲು ಬಾಯಿ ತೆರೆದರೆ, ಅವರು ಕೈ ಅಡ್ಡ ಹಿಡಿದರು.

"ಸೋಮಾರಿ ಅಲ್ಲಮ್ಮ ಅವಳು. ಬೇರೆ ಮಕ್ಕಳಿಗಿಂತ ಮೂರರಷ್ಟು ಕಷ್ಟಪಡ್ತಾಳೆ. ಇದು ಡಿಸ್ಲೆಕ್ಸಿಯಾ ಇರಬಹುದು ಅಂತ ನನ್ನ ಅನುಮಾನ. ದಡ್ಡತನಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಹಾಕೋದು ಕೆಲವರಿಗೆ ಸುಲಭವಾಗಿ ಆಗಲ್ಲ. ಅಂಥವರಿಗೆ ಕಲಿಸೋ ರೀತೀನೇ ಬೇರೆ, ಟೈಮೂ ಹೆಚ್ಚು ಬೇಕು. ಪರೀಕ್ಷೆ ಮಾಡಿಸೋಣ. ಇಲ್ಲದಿದ್ರೆ ಮುಂದಿನ ವರ್ಷ ಅವಳನ್ನ ಕೆಳಗಿನ ತರಗತೀಲಿ ಕೂರಿಸ್ತಾರೆ. ತಾನು ದಡ್ಡಿ ಅಂತ ಈಗಾಗಲೇ ತೀರ್ಮಾನ ಮಾಡ್ಕೊಂಡಿದಾಳೆ, ಆಮೇಲೆ ಅದನ್ನ ಬಿಡಿಸೋಕಾಗಲ್ಲ. ಕಣ್ಣಿನ ನಂಬರ್ ಎಷ್ಟು ಅಂತ ಬರ್ಕೊಂಡು ಬನ್ನಿ."

ನಂಬರು ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಪುಟ್ಟಿ ಸ್ನಾನಕ್ಕೆ ಹೋದಾಗ ಕನ್ನಡಕ ಕೈಗೆತ್ತಿಕೊಂಡೆ. ಗಾಜಿನ ಗುಣ ಪತ್ತೆ ಹಚ್ಚುವ ಬಗೆಯನ್ನು ನನ್ನ ಗಂಡನೇ ನನಗೆ ಹಿಂದೆ ಕಲಿಸಿದ್ದರು. ಕೈ ನೀಡಿ ಹಿಡಿದು, ಅದರೊಳಗಿಂದ ಕಿಟಕಿಯ ಕಂಬಿ ನೋಡುತ್ತಾ ಪಕ್ಕಕ್ಕೆ ಆಡಿಸಬೇಕು. ಕಂಬಿ ಗಾಜಿನ ಜೊತೆಗೇ ಸರಿದರೆ ಮೈನಸ್, ಎದುರು ದಿಕ್ಕಿಗೆ ಸರಿದರೆ ಪ್ಲಸ್. ಆಡಿಸಿದೆ. ಕಂಬಿ ಕದಲಲಿಲ್ಲ. ಇನ್ನೊಂದು ಗಾಜಿನಲ್ಲೂ ಕದಲಲಿಲ್ಲ. ಹಳೆಯ ಎರಡು ಕನ್ನಡಕಗಳನ್ನು ಪೆಟ್ಟಿಗೆಯಿಂದ ತೆಗೆದು ನೋಡಿದೆ. ಮೂರೂ ನಂಬರೇ ಇಲ್ಲದ ಬರೀ ಗಾಜು.

ಮೈಯೆಲ್ಲ ಉರಿದುಹೋಯಿತು. ಕಚೇರಿಗೆ ರಜೆ ಹಾಕಿ ನೇರ ಅಂಗಡಿಯ ಹಿಂದಿನ ಕೋಣೆಗೆ ನುಗ್ಗಿದೆ. ಯಂತ್ರ ತಿರುಗುತ್ತಿತ್ತು, ಗಾಜಿನ ಹಿಟ್ಟು ಕಲಸಿದ ನೀರು ಬಕೆಟ್ಟಿಗೆ ಇಳಿಯುತ್ತಿತ್ತು. ಮೂರು ಕನ್ನಡಕಗಳನ್ನೂ ಮೇಜಿನ ಮೇಲೆ ಕುಕ್ಕಿದೆ.

"ಏನ್ರೀ ಇದು?"

ಅವರು ಯಂತ್ರ ನಿಲ್ಲಿಸಿದರು. ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ಬಚಾವು.

"ಡಾಕ್ಟ್ರು ಕಣ್ಣು ಚೆನ್ನಾಗಿದೆ ಅಂದ್ರು."

"ಮತ್ತೆ?"

"ಕನ್ನಡಕ ಹಾಕ್ಕೊಂಡಿರೋ ಮಗೂನ ಯಾರೂ ದಡ್ಡಿ ಅನ್ನಲ್ಲ ಕಣೇ. ಪಾಪ, ಕಣ್ಣು ಕಾಣಲ್ಲ ಅಂತಾರೆ. ಬೆಂಚಿನ ಮೇಲೆ ನಿಲ್ಸಲ್ಲ. ನನಗೆ ಆಗ ಯಾರೂ ಒಂದು ಕನ್ನಡಕ ಕೊಡಲಿಲ್ಲ."

ಹಣೆ ಚಚ್ಚಿಕೊಂಡೆ. ಪಾಪ ಅನ್ನಿಸಿದ್ದೂ ನಿಜ, ಆದರೆ ಆ ಹೊತ್ತಿಗೆ ಸಿಟ್ಟೇ ದೊಡ್ಡದಿತ್ತು. "ಎರಡು ವರ್ಷ ರೀ! ಎರಡು ವರ್ಷ ಅವಳಿಗೆ ಯಾರೂ ಏನೂ ಕಲಿಸ್ಲಿಲ್ಲ. ನಾನು ದಿನಾ ಬೈದೆ. ಡಿಸ್ಲೆಕ್ಸಿಯಾ ಇರಬಹುದು, ಪರೀಕ್ಷೆ ಮಾಡಿಸೋಣ ಅಂತಿದಾರೆ ಟೀಚರು. ನಿಮ್ಮ ಮರ್ಯಾದೆ ಉಳಿಸ್ಕೊಳ್ಳೋಕೆ ಮಗು ಮುಖಕ್ಕೆ ಗಾಜು ಹಚ್ಚಿದ್ರಲ್ಲ!"

"ಪರೀಕ್ಷೆ ಮಾಡ್ಸು, ಬೇಡ ಅನ್ನಲ್ಲ. ನನ್ನ ಹೆಸರು ಮಾತ್ರ ಎತ್ಬೇಡ" ಎಂದರು. ಮತ್ತೆ ಯಂತ್ರದ ಗುಂಡಿ ಒತ್ತಿದರು. ಅದರ ಸದ್ದಿನಲ್ಲಿ ನಾನು ಇನ್ನೇನೇನು ಕೂಗಿದೆನೋ ನನಗೂ ಕೇಳಿಸಲಿಲ್ಲ.

ಸೋಮವಾರ ಮೂವರೂ ಶಾಲೆಗೆ ಹೋದೆವು. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಇವರು ಕೂತರು. ಪುಟ್ಟಿ ಇಬ್ಬರ ನಡುವೆ. ಟೀಚರು ಪರೀಕ್ಷೆಯ ಅರ್ಜಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಕೇಳುತ್ತಾ ತುಂಬತೊಡಗಿದರು. ಹುಟ್ಟಿದ ದಿನ, ಮಾತು ಬಂದ ವಯಸ್ಸು, ಜ್ವರ, ಕಾಯಿಲೆ. ಕಣ್ಣಿನ ವಿಷಯ ಬಂದಾಗ "ಕಣ್ಣು ಚೆನ್ನಾಗಿದೆ" ಎಂದು ನಾನೇ ಹೇಳಿದೆ. ಇವರು ನೆಲ ನೋಡಿದರು.

"ಮನೇಲಿ ಬೇರೆ ಯಾರಿಗಾದ್ರೂ ಓದೋಕೆ ಕಷ್ಟ ಇದೆಯಾ? ಇದು ವಂಶದಲ್ಲಿ ಬರೋದುಂಟು, ಅದಕ್ಕೇ ಕೇಳ್ತಿದೀನಿ."

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಕೊಟ್ಟ ಮಾತು. ಇವರ ಕಡೆ ನೋಡಿದೆ. ಇವರು ಕಿಟಕಿ ನೋಡುತ್ತಿದ್ದರು.

"ಯಾರೂ ಇಲ್ಲ ಟೀಚರ್" ಎಂದಳು ಪುಟ್ಟಿ. "ಅಮ್ಮ ಆಫೀಸಲ್ಲಿ ಓದ್ತಾರೆ. ಅಪ್ಪನೂ ಜಾಣ. ನಮ್ಮನೇಲಿ ನಾನೊಬ್ಬಳೇ ಹಿಂಗೆ."

ಎಷ್ಟು ಸಲೀಸಾಗಿ ಹೇಳಿದಳೆಂದರೆ, ಅದನ್ನು ಅವಳು ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡಿರಬೇಕು. ಟೀಚರು 'ಇಲ್ಲ' ಎಂದು ಬರೆಯಲು ಪೆನ್ನು ಊರಿದರು.

"ನಿಲ್ಲಿ ಟೀಚರ್" ಎಂದರು ಇವರು. "ಅಲ್ಲಿ ಅಪ್ಪ ಅಂತ ಬರೀರಿ."

ಪುಟ್ಟಿ ತಿರುಗಿ ನೋಡಿದಳು. "ಏನಂದೆ?"

"ನಂಗೂ ಓದೋಕೆ ಬರಲ್ಲ ಪುಟ್ಟಿ. ನಿನ್ನಷ್ಟಿದ್ದಾಗಿಂದ. ಅಕ್ಷರ ಎಲ್ಲಾ ಕಲಸಿಹೋಗತ್ತೆ."

ಅವಳು ಅಪ್ಪುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಅವಳ ಮುಖ ಕೆಂಪಗಾಯಿತು. ಮುಷ್ಟಿ ಕಟ್ಟಿ ಅಪ್ಪನ ತೋಳಿಗೆ ಗುದ್ದಿದಳು, ಜೋರಾಗಿಯೇ.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ? ನಾನೊಬ್ಬಳೇ ಅಂದ್ಕೊಂಡಿದ್ದೆ!"

ಇವರು ತೋಳನ್ನು ಹಿಂದಕ್ಕೆಳೆದುಕೊಳ್ಳದೆ ಕೂತರು. ಇನ್ನೊಂದು ಬೀಳಲಿ ಎಂದು ಒಳಗೊಳಗೇ ಅನ್ನಿಸಿತು ನನಗೆ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತಾ ಅಮ್ಮಾ?"